ಹುರುಳಿ ಹಾಸಿದ ರಸ್ತೆ

ಬೆಳ್ಳೂರು ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದ ಕೂಡಲೇ ಹೆಲ್ಮೆಟ್‌ನ ಗಾಜನ್ನು ಮೇಲೆತ್ತುತ್ತೇನೆ. ಬೆಂಗಳೂರಿನಿಂದ ಅಲ್ಲಿಯವರೆಗೆ ಕಿವಿಗೆ ಬೀಳುವುದು ಲಾರಿಗಳ ಸದ್ದು ಮಾತ್ರ. ಅಲ್ಲಿಂದಾಚೆ ನವಿಲಿನ ಕೂಗು, ಪಂಪ್‌ಸೆಟ್ಟಿನ ನೀರು ತೊಟ್ಟಿಗೆ ಬೀಳುವ ಸದ್ದು, ಹಸಿ ಮೇವಿನ ವಾಸನೆ. ಕಂಬದಹಳ್ಳಿ, ಶ್ರವಣಬೆಳಗೊಳ, ಕಿಕ್ಕೇರಿ, ಗೋವಿಂದನಹಳ್ಳಿ, ಹೊಸಹೊಳಲು: ಈ ಊರುಗಳ ನಡುವಿನ ಸಣ್ಣ ರಸ್ತೆಗಳಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಟ್ಟಿಲ್ಲ. ದೊಡ್ಡ ರಸ್ತೆ ಹಿಡಿದರೆ ಬೆಳಗಿನ ಹೊತ್ತಿಗೇ ಮುಗಿಯುವ ದಾರಿ ಇದು. ನಾನು ಇಡೀ ದಿನ ತೆಗೆದುಕೊಳ್ಳುತ್ತೇನೆ.

ನನ್ನದು ನೂರು ಸಿಸಿಯ ಹಳೆಯ ಸ್ಪ್ಲೆಂಡರ್. ಇದನ್ನು ರಿಪೇರಿ ಮಾಡಲು ಬಾರದ ಮೆಕ್ಯಾನಿಕ್ ಯಾವ ಹೋಬಳಿಯಲ್ಲೂ ನನಗೆ ಸಿಕ್ಕಿಲ್ಲ. ಒಂದು ಟ್ಯೂಬ್, ಪ್ಲಗ್ ಸ್ಪ್ಯಾನರ್, ಒಂದು ಕುಡುಗೋಲು ಜೊತೆಗಿರುತ್ತವೆ. ಬಿಡಿ ಕ್ಲಚ್ ಕೇಬಲ್ಲನ್ನು ಚೀಲದಲ್ಲಿ ಇಡುವುದಿಲ್ಲ, ಹಳೆಯದರ ಪಕ್ಕದಲ್ಲೇ ಕಟ್ಟಿರುತ್ತೇನೆ. ತುಂಡಾದಾಗ ತುದಿ ಬದಲಿಸಿದರೆ ಆಯಿತು. ಕುಡುಗೋಲು ಏಕೆಂದು ಹೇಳುತ್ತೇನೆ.

ಒಂದು ಜನವರಿಯಲ್ಲಿ ಕಿಕ್ಕೇರಿಯ ಬ್ರಹ್ಮೇಶ್ವರನನ್ನು ನೋಡಿಕೊಂಡು ಗೋವಿಂದನಹಳ್ಳಿಯತ್ತ ಹೊರಟಿದ್ದೆ. 1171ರ ಗುಡಿ ಅದು, ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರೂ ಅದೇ. ತಿರುವು ದಾಟಿದರೆ ರಸ್ತೆಯ ತುಂಬ ಹುರುಳಿ ಹಾಸಿದ್ದರು. ಅದು ಒಕ್ಕಣೆಯ ಕಾಲ. ಬಸ್ಸು, ಟ್ರ್ಯಾಕ್ಟರುಗಳ ಗಾಲಿಗೆ ಸಿಕ್ಕಿ ಕಾಯಿ ಒಡೆಯಲಿ ಎಂದು ರೈತರು ಹೀಗೆ ಹರಡುತ್ತಾರೆ. ನಾಲ್ಕು ಗಾಲಿಯವರಿಗೆ ಅದು ಮೆತ್ತನೆಯ ಹಾಸು, ಎರಡು ಗಾಲಿಯವರಿಗೆ ಎಣ್ಣೆ ಚೆಲ್ಲಿದ ನೆಲ. ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತಿದೆ. ಗಾಡಿ ಪಕ್ಕಕ್ಕೆ ಮಲಗಿತು.

ಪೆಟ್ಟಾಗಲಿಲ್ಲ. ಎತ್ತಿ ನಿಲ್ಲಿಸಿ ಗೇರ್ ಹಾಕಿದರೆ ಹಿಂದಿನ ಚಕ್ರ ಕದಲಲಿಲ್ಲ. ಹುರುಳಿಯ ಬಳ್ಳಿ ಆಕ್ಸಲ್ಲಿಗೆ ಹಗ್ಗದಂತೆ ಸುತ್ತಿಕೊಂಡು ಸ್ಪ್ರಾಕೆಟ್ಟಿನ ಹಲ್ಲುಗಳ ನಡುವೆ ಬಿಗಿದು ಕೂತಿತ್ತು. ಬಿಸಿ ಸೈಲೆನ್ಸರಿಗೆ ಅಂಟಿದ ಎಲೆ ಆಗಲೇ ಹೊಗೆಯಾಡುತ್ತಿತ್ತು. ಗದ್ದೆಯ ಬದುವಿನಿಂದ ಅಜ್ಜಿಯೊಬ್ಬರು ಓಡಿ ಬಂದು ಮೊದಲು ಆ ಎಲೆಯನ್ನು ಬರಿಗೈಯಲ್ಲಿ ಕಿತ್ತೆಸೆದರು. ಆಮೇಲೆ ಕುಡುಗೋಲು ಹಿಡಿದು ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

“ಎಳೆಯಬೇಡ ಮಗ, ಹಿಂದಕ್ಕೆ ತಿರುಗಿಸು.”

ನಾನು ಚಕ್ರವನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ತಿರುಗಿಸುತ್ತಾ ಹೋದೆ, ಅವರು ಕೊಯ್ಯುತ್ತಾ ಹೋದರು. ಅರ್ಧ ಗಂಟೆ ಹಿಡಿಯಿತು. ಕಡಿದ ಬಳ್ಳಿಯನ್ನು ಒಂದೆಳೆಯೂ ಬಿಡದೆ ಕೊಡವಿ ಕಾಳನ್ನು ಮತ್ತೆ ರಸ್ತೆಗೇ ಉದುರಿಸಿದರು. ಅದು ಅವರ ವರ್ಷದ ದುಡಿಮೆ.

ಅಂದಿನಿಂದ ಹುಲ್ಲು ಹಾಸಿದ್ದು ಕಂಡರೆ ದೂರದಲ್ಲೇ ನಿಧಾನಿಸಿ, ಇಳಿದು, ಅಂಚಿನಲ್ಲಿ ತಳ್ಳಿಕೊಂಡೇ ದಾಟುತ್ತೇನೆ. ಓಡಿಸಿಕೊಂಡೇ ದಾಟಬೇಕಾಗಿ ಬಂದರೆ ಬ್ರೇಕ್ ಮುಟ್ಟುವುದಿಲ್ಲ.

ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ಕಬ್ಬು ತುಂಬಿದ ಟ್ರ್ಯಾಕ್ಟರ್ ಎದುರಾದರೆ ನಾವೇ ಮಣ್ಣಿಗೆ ಇಳಿಯಬೇಕು. ಅಂಚು ಅರ್ಧ ಅಡಿ ಆಳವಿದ್ದರೆ, ಮತ್ತೆ ಹತ್ತುವಾಗ ಅದರ ಗುಂಟ ಜಾರಿಸದೆ ಹ್ಯಾಂಡಲ್ ತಿರುಗಿಸಿ ಅಡ್ಡಲಾಗಿ ಹತ್ತಬೇಕು. ಸಂಜೆ ಆರರ ಮೇಲೆ ಈ ದಾರಿಗಳಲ್ಲಿ ಓಡಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ: ದನಗಳು ಮನೆಗೆ ಮರಳುವ ಹೊತ್ತು ಅದು, ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪವಿರುವುದಿಲ್ಲ.

ದಾರಿ ಕೇಳುವುದಕ್ಕೂ ಒಂದು ಕ್ರಮವಿದೆ. ಮೊಬೈಲ್ ನಕ್ಷೆ ನನಗೆ ನಾಲೆಯ ಏರಿಯನ್ನೂ ರಸ್ತೆಯೆಂದೇ ತೋರಿಸಿದೆ; ಮಳೆ ಬಿದ್ದ ಮರುದಿನ ಆ ಜೇಡಿಯಲ್ಲಿ ಸಿಕ್ಕಿಕೊಂಡರೆ ಹೊರಬರುವುದು ಕಷ್ಟ. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತವರನ್ನು ಕೇಳುತ್ತೇನೆ. “ಎಷ್ಟು ದೂರ?” ಎಂದರೆ “ಇಲ್ಲೇ, ಮುಂದೆ” ಎನ್ನುತ್ತಾರೆ. “ಮುಂದಿನ ಊರು ಯಾವುದು, ಯಜಮಾನರೇ?” ಎಂದು ಕೇಳಿದರೆ ಅರಳಿಕಟ್ಟೆ, ತೂಬು, ತೋಪು ಎಲ್ಲ ಗುರುತುಗಳೂ ಸಿಗುತ್ತವೆ.

ಅಜ್ಜಿ ಹೇಳಿದ್ದೂ ಹಾಗೆಯೇ. “ತೆಂಗಿನ ತೋಟ ಮುಗಿದ ಮೇಲೆ ಬಲಕ್ಕೆ ನೋಡು. ಒಂದೇ ಸಾಲಿನಲ್ಲಿ ಐದು ಗೋಪುರ.” ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಹಾಗೇ ಕಂಡಿತು, ಹೊಯ್ಸಳರ ಐದು ಗರ್ಭಗುಡಿ, ಮುಂದೆ ಒಂದೇ ಉದ್ದದ ಮಂಟಪ. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನೆರಳಿನಲ್ಲಿ ಗಾಡಿ ನಿಲ್ಲಿಸಿ, ಚೈನಿನ ಸಂದಿನಲ್ಲಿ ಉಳಿದಿದ್ದ ಬಳ್ಳಿಯ ಚೂರುಗಳನ್ನು ಒಂದೊಂದಾಗಿ ಬಿಡಿಸಿ, ಕೈ ತೊಳೆದುಕೊಂಡು ಒಳಗೆ ಹೋದೆ.