ಎಂಟನೆಯ ದಿನ ಎದ್ದ ಗುರುತು

ಯಾವ ವಸ್ತು ತಾಗಿ ಚರ್ಮಕ್ಕೆ ಅಲರ್ಜಿಯಾಗುತ್ತಿದೆ ಎಂದು ತಿಳಿಯಲು ಮಡಿಕೇರಿಯಲ್ಲಿ ಚರ್ಮದ ಪ್ಯಾಚ್ ಪರೀಕ್ಷೆ ಆರಂಭಿಸಿದಾಗ ನನ್ನ ಲೆಕ್ಕ ಸರಳವಾಗಿತ್ತು. ಸೋಮವಾರ ಅಲರ್ಜಿಕಾರಕಗಳಿರುವ ಅಂಟುಪಟ್ಟಿಯನ್ನು ಬೆನ್ನಿಗೆ ಅಂಟಿಸುವುದು, ಬುಧವಾರ 48 ಗಂಟೆ ತುಂಬಿದಾಗ ತೆಗೆದು ನೋಡುವುದು, ಶುಕ್ರವಾರ ಮತ್ತೊಮ್ಮೆ ನೋಡಿ ಮುಗಿಸುವುದು. ಶುಕ್ರವಾರ ಸಂತೆ, ತೋಟದ ಕೆಲಸದವರು ಹೇಗೂ ಪೇಟೆಗೆ ಬರುತ್ತಾರೆ.

ಈ ಲೆಕ್ಕವನ್ನು ತಲೆಕೆಳಗು ಮಾಡಿದವರು ಕಾಫಿ ತೋಟದ ಒಬ್ಬ ಹೆಂಗಸು. ಮಳೆಗಾಲದಲ್ಲಿ ಜಿಗಣೆ ಕಚ್ಚಿದ ಗಾಯಕ್ಕೆ ನಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇರುವ ಮುಲಾಮು ಹಚ್ಚಿ ಹಚ್ಚಿ ಅವರ ಕಣಕಾಲಿನ ಸುತ್ತ ಇಸುಬು ಎದ್ದಿತ್ತು. ಶುಕ್ರವಾರ ನಿಯೋಮೈಸಿನ್ ಅಂಟಿಸಿದ್ದ ಜಾಗ ಶುಭ್ರವಾಗಿತ್ತು. ಮುಲಾಮಿನ ತಪ್ಪಿಲ್ಲ ಎಂದು ಹೇಳಿ ಕಳುಹಿಸಿದೆ. ಮುಂದಿನ ಮಂಗಳವಾರ ಅವರೇ ಬಂದರು: "ಬೆನ್ನಿನಲ್ಲಿ ಒಂದೇ ಕಡೆ ತುರಿಕೆ, ತಡೆಯಲಾಗುತ್ತಿಲ್ಲ." ಅದೇ ಜಾಗ. ಕೆಂಪಾಗಿ ಉಬ್ಬಿತ್ತು, ಸಣ್ಣ ಗುಳ್ಳೆಗಳಿದ್ದವು, ಬೆರಳಾಡಿಸಿದರೆ ಚರ್ಮ ದಪ್ಪಗಾಗಿರುವುದು ತಿಳಿಯುತ್ತಿತ್ತು. ನಾನು ಅವಸರಪಟ್ಟಿದ್ದೆ. ಅಷ್ಟು ದಿನವೂ ಅವರು ಅದೇ ಮುಲಾಮನ್ನು ಹಚ್ಚಿಕೊಂಡಿದ್ದರು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಹೀಗೆ ತಾಗಿದ ವಸ್ತುವಿನಿಂದ ಬರುವ ಸಂಪರ್ಕ ಅಲರ್ಜಿ ನಿಧಾನದ ಪ್ರಾಣಿ. ವಸ್ತು ಚರ್ಮದೊಳಗೆ ಇಳಿಯಬೇಕು, ಅದನ್ನು ಮೊದಲೇ ಗುರುತಿಟ್ಟುಕೊಂಡ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು ಅಲ್ಲಿಗೆ ಬಂದು ಸೇರಬೇಕು. ನಿಯೋಮೈಸಿನ್ ಗಾಯವಿಲ್ಲದ ಚರ್ಮದಲ್ಲಿ ಬೇಗ ಇಳಿಯುವುದಿಲ್ಲ. ಸ್ಟಿರಾಯ್ಡ್ ಮುಲಾಮುಗಳದ್ದು ಇನ್ನೊಂದು ತೊಡಕು: ಉರಿಯೂತವನ್ನು ತಗ್ಗಿಸುವುದೇ ಅವುಗಳ ಗುಣವಾದ್ದರಿಂದ ತಮ್ಮ ಮೇಲಿನ ಅಲರ್ಜಿಯನ್ನೇ ಮೊದಲ ದಿನಗಳಲ್ಲಿ ಮುಚ್ಚಿಡುತ್ತವೆ. ಬುಧವಾರದ ಕೆಂಪನ್ನೂ ಪೂರ್ತಿ ನಂಬುವಂತಿಲ್ಲ. ಪಟ್ಟಿ ತೆಗೆದ ಮೇಲೆ ಅರ್ಧ ಗಂಟೆಯಾದರೂ ಕಾಯುತ್ತೇನೆ, ಒತ್ತಡದ ಕೆಂಪು ಇಳಿಯಲಿ ಎಂದು. ಬರೀ ಕೆರಳಿಕೆಯಾಗಿದ್ದರೆ ಶುಕ್ರವಾರದ ಹೊತ್ತಿಗೆ ಸಾಮಾನ್ಯವಾಗಿ ಮಂಕಾಗುತ್ತದೆ. ಅಲರ್ಜಿಯಾದರೆ ಹೆಚ್ಚಾಗಿ ಹಾಗೇ ಉಳಿಯುತ್ತದೆ ಇಲ್ಲವೇ ಏರುತ್ತದೆ.

ಈಗ ಮುಂದಿನ ಸೋಮವಾರ, ಏಳನೆಯ ದಿನ, ಮೂರನೆಯ ಬಾರಿ ನೋಡದೆ ಯಾರಿಗೂ ಫಲಿತಾಂಶ ಹೇಳುವುದಿಲ್ಲ. ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ಗೊತ್ತು. ಅದಕ್ಕೇ ಮೊದಲ ಬಸ್ಸಿಗೆ ಬಂದವರನ್ನು ಎಲ್ಲರಿಗಿಂತ ಮುಂಚೆ ನೋಡಿ ಕಳುಹಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪರೀಕ್ಷೆ ಹಚ್ಚುವುದೇ ಇಲ್ಲ. ನೆನೆದ ಬೆನ್ನಿನಲ್ಲಿ ಪಟ್ಟಿ ನಿಲ್ಲುವುದಿಲ್ಲ. ಮೊಬೈಲ್‌ನಲ್ಲಿ ಫೋಟೊ ಕಳುಹಿಸುತ್ತೇವೆ ಎನ್ನುವವರಿಗೂ ಬನ್ನಿ ಎಂದೇ ಹೇಳುತ್ತೇನೆ. ಚರ್ಮ ದಪ್ಪಗಾಗಿರುವುದು ಬೆರಳಿಗೆ ಸಿಗುತ್ತದೆ, ಫೋಟೊಗೆ ಸಿಗುವುದಿಲ್ಲ.