ಬ್ಯಾರೆಲ್‌ನಲ್ಲಿ ಮಾಗಿದ ಬಿಯರ್ ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿಯಬೇಡಿ
ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿಟ್ಟಿದ್ದ ಮರದ ಬ್ಯಾರೆಲ್‌ನಲ್ಲಿ ಮಾಗಿದ ಸ್ಟೌಟ್, ಅಂದರೆ ಕಪ್ಪು ಬಣ್ಣದ ಗಾಢ ಬಿಯರ್, ಕೈಗೆ ಸಿಕ್ಕಿದೆಯಾ? ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. ಇದಕ್ಕೆ 12ರಿಂದ 14 ಡಿಗ್ರಿ ಸೆಲ್ಸಿಯಸ್ ಹದವಾದ ತಂಪು. ಐಸ್‌ನಂತೆ ತಣ್ಣಗಿದ್ದರೆ ಪರಿಮಳ ಮೇಲೇಳುವುದೇ ಇಲ್ಲ, ಕೊಟ್ಟ ದುಡ್ಡು ದಂಡ.

ದೊಡ್ಡ ಮಗ್ ಬೇಡ. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಗ್ಲಾಸ್‌ಗೆ ಕಾಲು ಭಾಗ ಸುರಿಯಿರಿ. ನೊರೆ ಬೇಗ ಇಳಿದರೆ ಗಾಬರಿ ಬೇಡ, ಆಲ್ಕೋಹಾಲ್ ಜಾಸ್ತಿ ಇರುವಾಗ ಹಾಗಾಗುತ್ತದೆ. ಮೂಗನ್ನು ಸೀದಾ ಗ್ಲಾಸ್‌ಗೆ ತೂರಿಸಬೇಡಿ, ಘಾಟು ಹೊಡೆದರೆ ಬೇರೇನೂ ತಿಳಿಯುವುದಿಲ್ಲ. ಗ್ಲಾಸ್ ಮೆಲ್ಲಗೆ ತಿರುಗಿಸಿ, ತುಸು ದೂರದಿಂದ ಮೂಸಿ. ವೆನಿಲ್ಲಾ, ಕೊಬ್ಬರಿ ವಾಸನೆ ಬಂದರೆ ಅದು ಹೆಚ್ಚಾಗಿ ಬ್ಯಾರೆಲ್‌ನ ಓಕ್ ಮರದ್ದು. ಕಾಫಿ, ಚಾಕೊಲೇಟ್ ಬಂದರೆ ಹುರಿದ ಮಾಲ್ಟ್‌ನದ್ದು (ಮೊಳಕೆ ಬರಿಸಿ ಒಣಗಿಸಿದ ಧಾನ್ಯ). ಬರೀ ಮರ, ಬರೀ ವಿಸ್ಕಿ ಅನ್ನಿಸಿದರೆ ನನ್ನ ಪ್ರಕಾರ ಆ ಬಿಯರ್ ಸೋತಂತೆ, ಬೆಲೆ ಎಷ್ಟೇ ಇರಲಿ.

ಸ್ಟೌಟ್‌ನಲ್ಲಿ ಚುರುಕು ಹುಳಿ ಕಂಡರೆ ಬ್ಯಾಕ್ಟೀರಿಯಾ ಸೇರಿರಬಹುದು. ಬೇಕೆಂದೇ ಹುಳಿ ಮಾಡುವ ಬಗೆಗಳೂ ಇವೆ, ಲೇಬಲ್ ಓದಿ.

ಚಿಕ್ಕ ಗುಟುಕು, ನಡುವೆ ನೀರು. ಗ್ಲಾಸ್ ಬೆಚ್ಚಗಾದಂತೆ ರುಚಿ ಬದಲಾಗುತ್ತದೆ, ಆತುರ ಯಾಕೆ ಅಲ್ವಾ? ಬ್ಯಾರೆಲ್‌ನಲ್ಲಿ ಮಾಗಿದ ಸ್ಟೌಟ್‌ಗಳಲ್ಲಿ 12% ಆಲ್ಕೋಹಾಲ್ ಮಾಮೂಲು, ಅಂದರೆ 5%ನ ಬಿಯರ್‌ಗಿಂತ ಎರಡು ಪಟ್ಟಿಗೂ ಜಾಸ್ತಿ. ಒಂದು ಬಾಟಲಿಯನ್ನು ಮೂವರು ಹಂಚಿಕೊಳ್ಳಿ, ಆಮೇಲೆ ಗಾಡಿ ಮುಟ್ಟಬೇಡಿ.