ಗೋಡೆಯ ಕ್ಯಾಲೆಂಡರ್, ಒಂದು ಥರ್ಮಾಮೀಟರ್: ಗರ್ಭ ನಿಲ್ಲುವ ದಿನಗಳನ್ನು ಮನೆಯಲ್ಲೇ ಗುರುತಿಸುವುದು ಹೇಗೆ?

ಮದುವೆಯಾಗಿ ಆರು ತಿಂಗಳು ಕಳೆದರೆ ಸಾಕು, ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಅರಿಸಿನ ಕುಂಕುಮ ಕೊಡುವವರ ಪ್ರಶ್ನೆ ಒಂದೇ: ‘ಏನಮ್ಮಾ, ಏನಾದ್ರೂ ವಿಶೇಷ?’ ಕೇಳಿದವರು ಕೇಳಿ ಹೋಳಿಗೆ ಊಟಕ್ಕೆ ಕೂರುತ್ತಾರೆ. ಕೇಳಿಸಿಕೊಂಡವಳು ಆ ರಾತ್ರಿ ಮೊಬೈಲಿಗೆ ಒಂದು ಆ್ಯಪ್ ಇಳಿಸಿಕೊಳ್ಳುತ್ತಾಳೆ. ಕಳೆದ ಮುಟ್ಟಿನ ದಿನಾಂಕ ಹಾಕಿದ ತಕ್ಷಣ ಆ್ಯಪ್ ಒಂದು ದಿನಕ್ಕೆ ಬಣ್ಣ ಹಚ್ಚಿ ತೋರಿಸುತ್ತದೆ. ಬರೀ ದಿನಾಂಕ ಕೊಟ್ಟಿದ್ದರೆ ಅದು ಲೆಕ್ಕ ಹಾಕಿ ಹೇಳಿದ್ದು, ದೇಹ ನೋಡಿ ಹೇಳಿದ್ದಲ್ಲ. ದೇಹವನ್ನು ನೋಡುವ ಕೆಲಸ ನಮ್ಮದೇ. ಅದಕ್ಕೆ ಬೇಕಾದದ್ದರಲ್ಲಿ ಮುಕ್ಕಾಲು ಪಾಲಿಗೆ ದುಡ್ಡೇ ಬೇಡ.

ಮೊದಲು ಮೂರು ಸಂಗತಿ ಗೊತ್ತಿರಲಿ. ಅಂಡಾಶಯದಿಂದ ಹೊರಬಂದ ಅಂಡಾಣುವಿನ ಆಯಸ್ಸು ಹೆಚ್ಚೆಂದರೆ ಒಂದು ದಿನ, 12ರಿಂದ 24 ಗಂಟೆ. ವೀರ್ಯಾಣು ಮಾತ್ರ ಹೆಣ್ಣಿನ ದೇಹದೊಳಗೆ 5 ದಿನಗಳವರೆಗೂ ಕಾಯಬಲ್ಲದು. ಹಾಗಾಗಿ ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ 5 ದಿನ, ಒಟ್ಟು 6 ದಿನ ಗರ್ಭ ನಿಲ್ಲುವ ಕಾಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಮಗುವಿಗಾಗಿ ಪ್ರಯತ್ನಿಸುತ್ತಿದ್ದ 221 ಮಹಿಳೆಯರ ಮೂತ್ರವನ್ನು ದಿನವೂ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಗರ್ಭ ನಿಂತದ್ದೆಲ್ಲ ಆ 6 ದಿನಗಳೊಳಗಿನ ಕೂಡುವಿಕೆಯಿಂದಲೇ. ಅಂಡಾಣು ಬಂದು ಹೋದ ಮರುದಿನ ಎಷ್ಟು ಹೆಣಗಿದರೂ ಕಾಲ ಮೀರಿರುತ್ತದೆ. ಅಂದರೆ ನಾವು ಹುಡುಕಬೇಕಿರುವುದು ‘ಆ ದಿನ’ವನ್ನಲ್ಲ, ಅದರ ಹಿಂದಿನ ದಿನಗಳನ್ನು.

ಕ್ಯಾಲೆಂಡರ್‌ನಲ್ಲಿ ಚುಕ್ಕಿ

ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಗೋಡೆಯ ಕ್ಯಾಲೆಂಡರ್ ಇದೆಯಲ್ಲ, ಅದೇ ಸಾಕು. ಮುಟ್ಟಿನ ಮೊದಲ ದಿನಕ್ಕೆ ಒಂದು ಚುಕ್ಕಿ ಇಡಿ. ಮೊದಲ ದಿನವೆಂದರೆ ಸರಿಯಾಗಿ ಕೆಂಪು ಕಂಡ ದಿನ. ಹಿಂದಿನ ಸಂಜೆ ಕಂದು ಕಲೆ ಕಂಡಿದ್ದರೆ ಅದು ಲೆಕ್ಕಕ್ಕಿಲ್ಲ. ಈ ಚುಕ್ಕಿಯಿಂದ ಮುಂದಿನ ಚುಕ್ಕಿಯ ಹಿಂದಿನ ದಿನದವರೆಗೆ ಎಣಿಸಿದರೆ ಒಂದು ಋತುಚಕ್ರ.

ಆರು ತಿಂಗಳ ಚುಕ್ಕಿಗಳಿದ್ದರೆ ಹಳೆಯ ಸೂತ್ರವೊಂದನ್ನು ಬಳಸಬಹುದು. ಕಳೆದ ಶತಮಾನದ 20–30ರ ದಶಕದಲ್ಲಿ ಜಪಾನಿನ ವೈದ್ಯ ಒಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕದಿಂದ ಬೆಳೆದ ಸೂತ್ರವಿದು. ಅತಿ ಚಿಕ್ಕ ಚಕ್ರದಿಂದ 18 ಕಳೆಯಿರಿ, ಅತಿ ದೊಡ್ಡ ಚಕ್ರದಿಂದ 11 ಕಳೆಯಿರಿ. ನಿಮ್ಮ ಚಕ್ರಗಳು 27, 30, 28, 32, 29, 28 ದಿನಗಳದ್ದು ಎಂದುಕೊಳ್ಳಿ. 27ರಲ್ಲಿ 18 ಕಳೆದರೆ 9, 32ರಲ್ಲಿ 11 ಕಳೆದರೆ 21. ಮುಟ್ಟಾದ 9ನೇ ದಿನದಿಂದ 21ನೇ ದಿನದೊಳಗೆ ಎಲ್ಲೋ ನಿಮ್ಮ 6 ದಿನಗಳು ಅಡಗಿವೆ. ಬಲೆ ದೊಡ್ಡದಾಯಿತು, ನಿಜ. ಸಣ್ಣದು ಮಾಡುವ ಉಪಾಯ ಮುಂದಿದೆ.

‘14ನೇ ದಿನ’ ಎಂಬ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಅದು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರ ಮಾತು. ಅಂಡಾಣು ಬಿಡುಗಡೆಯಾದ ಮೇಲೆ ಮುಂದಿನ ಮುಟ್ಟಿಗೆ ಸುಮಾರು 14 ದಿನ, ಅದರಲ್ಲಿ ಹೆಚ್ಚು ಏರುಪೇರಿಲ್ಲ. ಹಿಗ್ಗುವುದು ಕುಗ್ಗುವುದೆಲ್ಲ ಮೊದಲರ್ಧ. 35 ದಿನದ ಚಕ್ರವಿದ್ದವಳಿಗೆ ಅಂಡಾಣು ಬರುವುದು ಸುಮಾರು 21ನೇ ದಿನ. ನಮ್ಮ ಧರ್ಮಶಾಸ್ತ್ರಗಳು ಮುಟ್ಟಿನಿಂದ 16 ರಾತ್ರಿಗಳನ್ನು ಋತುಕಾಲ ಎಂದು ಎಣಿಸಿ, ಮೊದಲ 4 ರಾತ್ರಿಗಳನ್ನು ಬಿಟ್ಟವು. 28 ದಿನದವಳಿಗೆ ಈ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದೆ. 35 ದಿನದವಳು 16ಕ್ಕೆ ನಿಲ್ಲಿಸಿದರೆ ಬಸ್ಸು ಬರುವ ಮೊದಲೇ ಸ್ಟ್ಯಾಂಡ್ ಬಿಟ್ಟು ಹೋದಂತೆ. ಸಮರಾತ್ರಿಗೆ ಗಂಡು, ಬೆಸಕ್ಕೆ ಹೆಣ್ಣು ಎಂದೂ ಅವೇ ಶಾಸ್ತ್ರಗಳು ಹೇಳಿವೆ. ಅದು ಈಗ ವಾಟ್ಸ್ಆ್ಯಪ್‌ನಲ್ಲಿ ಹೊಸ ವೇಷದಲ್ಲಿ ಓಡಾಡುತ್ತಿದೆ. ಅದನ್ನು ಅಲ್ಲೇ ಡಿಲೀಟ್ ಮಾಡಿ.

ಬಿಳಿ ಹೋಗುವುದೆಲ್ಲ ಉಷ್ಣವಲ್ಲ

ನನ್ನ ಕೇಳಿದರೆ ಎಲ್ಲಕ್ಕಿಂತ ಉಪಯೋಗದ ಗುರುತು ಇದೇ. ಆದರೆ ನಮ್ಮಲ್ಲಿ ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ತಿಂಗಳ ಮಧ್ಯೆ ಒಳಉಡುಪು ಒದ್ದೆಯಾಯಿತೆಂದರೆ ‘ಉಷ್ಣ ಆಗಿದೆ, ಮೆಂತ್ಯ ನೆನೆಸಿ ತಿನ್ನು, ಎಳನೀರು ಕುಡಿ’ ಎನ್ನುತ್ತಾರೆ. ಎಳನೀರು ಧಾರಾಳವಾಗಿ ಕುಡಿಯಿರಿ, ಆದರೆ ಕ್ಯಾಲೆಂಡರ್‌ನಲ್ಲಿ ಬರೆಯುವುದನ್ನು ಮರೆಯಬೇಡಿ. ಆ ಒದ್ದೆ, ಗರ್ಭಕೋಶದ ಬಾಯಿಂದ ಬರುವ ಲೋಳೆ. ಅಂಡಾಣು ಹೊರಡುವ ಮೊದಲು ಈಸ್ಟ್ರೋಜನ್ ಹಾರ್ಮೋನು ಏರಿದಾಗ ಅದು ತೆಳುವಾಗಿ, ಪಾರದರ್ಶಕವಾಗಿ ವೀರ್ಯಾಣುಗಳಿಗೆ ದಾರಿ ಮಾಡಿಕೊಡುತ್ತದೆ. ಉಳಿದ ದಿನಗಳಲ್ಲಿ ಗಟ್ಟಿಯಾಗಿ ಬಾಗಿಲು ಹಾಕಿಕೊಂಡಿರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ಎಂಬ ವೈದ್ಯ ದಂಪತಿ ಈ ಬದಲಾವಣೆಯನ್ನೇ ಹಿಡಿದು ಒಂದು ಪದ್ಧತಿ ರೂಪಿಸಿದರು. ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ.

ನೋಡುವುದು ಸುಲಭ. ಬಚ್ಚಲಿಗೆ ಹೋದಾಗ ನೀರು ಹಾಕುವ ಮೊದಲು ಟಿಶ್ಯೂ ಕಾಗದದಿಂದ ಒರೆಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಮುಟ್ಟು ನಿಂತ ಮೇಲೆ ಕೆಲವು ದಿನ ಏನೂ ಇರುವುದಿಲ್ಲ. ಆಮೇಲೆ ಮೈದಾ ಅಂಟಿನಂತೆ ಪುಡಿಪುಡಿ, ಎಳೆದರೆ ತುಂಡಾಗುತ್ತದೆ. ಆನಂತರ ಲೋಷನ್‌ನಂತೆ ಬೆಳ್ಳಗೆ, ನುಣ್ಣಗೆ. ಕೊನೆಗೊಂದು ದಿನ ಬೆರಳಿನಿಂದ ಬೆರಳಿಗೆ ಎಳೆಯಾಗಿ ನಿಲ್ಲುತ್ತದೆ, ಗಾಜಿನಂತೆ ತಿಳಿ. ಇಂಗ್ಲಿಷಿನವರು ಇದನ್ನು ಹಸಿ ಮೊಟ್ಟೆಯ ಬಿಳಿಗೆ ಹೋಲಿಸುತ್ತಾರೆ. ಮೊಟ್ಟೆ ಒಡೆಯದ ಮನೆಯವರಿಗೆ ನಾನು ಹೇಳುವುದು ದಾಸವಾಳದ ಎಲೆಯನ್ನು. ತಲೆಗೆ ಹಾಕಲು ನೀರಿನಲ್ಲಿ ಕಿವುಚಿದಾಗ ಬರುವ ಲೋಳೆ ಬೆರಳು ಬಿಟ್ಟು ಹೋಗುವುದಿಲ್ಲವಲ್ಲ, ಹಾಗೆ. ಆ ಜಾರುವ ಲೋಳೆ ಕಂಡ ದಿನಗಳೇ ನಿಮ್ಮ ದಿನಗಳು. ಅದು ಕಂಡ ಕೊನೆಯ ದಿನದ ಆಸುಪಾಸಿನಲ್ಲೇ ಅಂಡಾಣು ಹೊರಡುತ್ತದೆ. ಮತ್ತೆ ಒಣಗಿತೆಂದರೆ ಆ ತಿಂಗಳ ಅವಕಾಶ ಮುಗಿದಂತೆ.

ಮೊದಲ ತಿಂಗಳು ಗೊಂದಲವಾಗುತ್ತದೆ, ಮೂರನೆಯದಕ್ಕೆ ಕೈ ಪಳಗುತ್ತದೆ. ಕೂಡಿದ ಮರುದಿನ ವೀರ್ಯವೂ ಬೆರೆತಿರುವುದರಿಂದ ಗುರುತು ನಂಬಬೇಡಿ. ಶೀತ, ಅಲರ್ಜಿಗೆ ತಿನ್ನುವ ಕೆಲವು ಮಾತ್ರೆಗಳು ಮೂಗಿನ ಜೊತೆ ಇದನ್ನೂ ಒಣಗಿಸಬಹುದು. ಮೊಸರು ಒಡೆದಂತಿದ್ದು ತುರಿಸಿದರೆ, ಹಸಿರು ಬಣ್ಣವೋ ದುರ್ವಾಸನೆಯೋ ಇದ್ದರೆ ಅದು ಸೋಂಕು. ಅದಕ್ಕೆ ಮೆಂತ್ಯವೂ ಸಾಲದು, ವೈದ್ಯರು ಬೇಕು.

ಕಿಟ್‌ನ ಎರಡು ಗೆರೆ

ಮೆಡಿಕಲ್ ಶಾಪ್‌ನಲ್ಲಿ ‘ಓವ್ಯುಲೇಷನ್ ಕಿಟ್’ ಎಂದು ಕೇಳಿ ಪಡೆಯಿರಿ. ‘ಪ್ರೆಗ್ನೆನ್ಸಿ ಕಿಟ್’ ಬೇರೆ, ನೋಡಲು ಎರಡೂ ಅವಳಿಜವಳಿ. ಇದು ಹಿಡಿಯುವುದು ಎಲ್‌ಎಚ್ ಎಂಬ ಹಾರ್ಮೋನನ್ನು. ಅದು ದಿಢೀರನೆ ಏರಿದ 24ರಿಂದ 36 ಗಂಟೆಯೊಳಗೆ ಸಾಮಾನ್ಯವಾಗಿ ಅಂಡಾಣು ಹೊರಡುತ್ತದೆ.

ನಿಮ್ಮ ಚಿಕ್ಕ ಚಕ್ರದಿಂದ 17 ಕಳೆದ ದಿನ ಶುರು ಮಾಡಿ. 27 ದಿನದವರಿಗೆ 10ನೇ ದಿನ. ಬೆಳಗಿನ ಮೊದಲ ಮೂತ್ರವೇ ಆಗಬೇಕಿಲ್ಲ. ಎಲ್‌ಎಚ್ ರಕ್ತದಲ್ಲಿ ಏರಿ ಮೂತ್ರಕ್ಕೆ ಇಳಿಯಲು ಕೆಲವು ಗಂಟೆ ಹಿಡಿಯುವುದರಿಂದ ಹೆಚ್ಚಿನ ಸ್ಟ್ರಿಪ್‌ಗಳಿಗೆ ಮಧ್ಯಾಹ್ನದಿಂದ ಸಂಜೆ ಒಳ್ಳೆಯದು. ದಿನವೂ ಅದೇ ಹೊತ್ತಿಗೆ ಮಾಡಿ, ಅದಕ್ಕೆ ಮುಂಚೆ ಎರಡು ಗಂಟೆ ಚೊಂಬುಗಟ್ಟಲೆ ನೀರು ಕುಡಿಯಬೇಡಿ. ಸ್ಟ್ರಿಪ್ಪನ್ನು ಗುರುತಿನ ಗೆರೆಯವರೆಗೆ ಮಾತ್ರ ಅದ್ದಿ, ಸಮತಟ್ಟಾಗಿಟ್ಟು, ಪೊಟ್ಟಣದ ಚೀಟಿಯಲ್ಲಿ ಹೇಳಿದಷ್ಟು ನಿಮಿಷಕ್ಕೆ ಓದಿ.

ಇಲ್ಲೇ ಬಹಳ ಜನ ಎಡವುವುದು. ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎರಡನೆಯ ಗೆರೆ ಮಸುಕಾಗಿ ಬಂದರೂ ಬಂದಂತೆಯೇ. ಇದರಲ್ಲಿ ಮಸುಕು ಗೆರೆಗೆ ಬೆಲೆಯಿಲ್ಲ, ಎಲ್‌ಎಚ್ ಸ್ವಲ್ಪ ಪ್ರಮಾಣದಲ್ಲಿ ಸದಾ ಇರುತ್ತದೆ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾಗಿ ಅಥವಾ ಇನ್ನೂ ಗಾಢವಾಗಿ ಬಂದರೆ ಮಾತ್ರ ಲೆಕ್ಕ. ರಾತ್ರಿ ಕಸದ ಬುಟ್ಟಿಯಿಂದ ತೆಗೆದು ಮತ್ತೆ ದೀಪಕ್ಕೆ ಹಿಡಿದು ನೋಡಬೇಡಿ, ಒಣಗಿದ ಸ್ಟ್ರಿಪ್ ಸುಳ್ಳು ಹೇಳುತ್ತದೆ.

ಪಿಸಿಒಎಸ್, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ ಇದ್ದವರಿಗೆ ಎಲ್‌ಎಚ್ ಸದಾ ಮೇಲಿದ್ದು ದಿನಗಟ್ಟಲೆ ಗಾಢ ಗೆರೆ ಬರಬಹುದು. ಅಂಥವರು ಕಿಟ್ ಮೇಲೆ ದುಡ್ಡು ಸುರಿಯುವ ಬದಲು ವೈದ್ಯರ ಬಳಿ, ಅಂಡಾಣು ಬೆಳೆಯುವುದನ್ನು ನೋಡುವ ಫಾಲಿಕ್ಯುಲರ್ ಸ್ಟಡಿ ಸ್ಕ್ಯಾನ್ ಬಗ್ಗೆ ಕೇಳುವುದು ಲೇಸು.

ಏಳುವ ಮುನ್ನ ಥರ್ಮಾಮೀಟರ್

ಅಂಡಾಣು ಹೋದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನು ಮೈಯ ಬಿಸಿಯನ್ನು ಸ್ವಲ್ಪ ಏರಿಸುತ್ತದೆ, ಬರೀ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್. ಕಣ್ಣುಬಿಟ್ಟ ತಕ್ಷಣ, ಮಾತಾಡುವ, ನೀರು ಕುಡಿಯುವ ಮೊದಲು, ಮಲಗಿದಲ್ಲೇ ನಾಲಿಗೆಯಡಿ ಇಟ್ಟು ನೋಡಬೇಕು. ಸೆಲ್ಸಿಯಸ್ ಥರ್ಮಾಮೀಟರಾದರೆ ಎರಡು ದಶಮಾಂಶ ತೋರಿಸುವುದು ಬೇಕು. ಉದಾಹರಣೆಗೆ ಫ್ಯಾರನ್‌ಹೀಟ್‌ನಲ್ಲಿ ಆರು ದಿನ 97.3, 97.2, 97.4, 97.3, 97.1, 97.4 ಇದ್ದು, ಆಮೇಲೆ 97.8, 97.9, 97.9 ಎಂದು ಮೂರು ದಿನವೂ ಹಿಂದಿನ ಆರಕ್ಕಿಂತ ಮೇಲೇ ನಿಂತರೆ ಅಂಡಾಣು ಬಿಡುಗಡೆಯಾಗಿದೆ ಎನ್ನಬಹುದು.

‘ಆಗಿದೆ’ ಎಂಬುದನ್ನು ಗಮನಿಸಿ. ಬಿಸಿ ಏರಿದ್ದು ನೋಡಿ ಗಂಡನಿಗೆ ಫೋನ್ ಮಾಡಿದರೆ ಆಗಲೇ ತಡ. ಹಾಗಾದರೆ ಇದೇಕೆ ಬೇಕು? ಅಂಡಾಣು ನಿಜಕ್ಕೂ ಬರುತ್ತಿದೆಯೇ, ಬಂದ ಮೇಲೆ ಎಷ್ಟು ದಿನಕ್ಕೆ ಮುಟ್ಟಾಗುತ್ತಿದೆ ಎಂಬುದಕ್ಕೆ ಎರಡು ಮೂರು ತಿಂಗಳು ಬರೆದಿಡಿ, ಸಾಕು. ಜ್ವರದ ದಿನ, ನಿದ್ದೆಗೆಟ್ಟ ದಿನ, ರಾತ್ರಿಪಾಳಿಯ ದಿನ, ಬೆಳಗಿನ ಜಾವ ಮೂರಕ್ಕೆ ನಲ್ಲಿ ನೀರು ಹಿಡಿಯಲು ಎದ್ದ ದಿನ, ಇವುಗಳ ಮುಂದೆ ಅಡ್ಡಗೆರೆ ಹಾಕಿ. ತುಂಬಿದ ಮನೆಯಲ್ಲಿರುವವರಿಗೆ ಇನ್ನೊಂದು ತೊಡಕಿದೆ. ಬಾಯಲ್ಲಿ ಥರ್ಮಾಮೀಟರ್ ಕಂಡರೆ ಅತ್ತೆ ಮಧ್ಯಾಹ್ನದೊಳಗೆ ಕಷಾಯ ಕುದಿಸಿರುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಆತಂಕ ಶುರುವಾಗುವವರು ಈ ಹೆಜ್ಜೆಯನ್ನು ಬಿಟ್ಟೇಬಿಡಿ. ಏನೂ ನಷ್ಟವಿಲ್ಲ.

ಎಲ್ಲವನ್ನೂ ಕೂಡಿಸಿ

ಕ್ಯಾಲೆಂಡರ್ ಬಲೆ ಬೀಸುತ್ತದೆ, ಲೋಳೆ ‘ಶುರುವಾಯಿತು’ ಎನ್ನುತ್ತದೆ, ಕಿಟ್ ‘ನಾಳೆಯೋ ನಾಡಿದ್ದೋ’ ಎನ್ನುತ್ತದೆ. ಜಾರುವ ಲೋಳೆ ಕಂಡ ದಿನದಿಂದ ದಿನ ಬಿಟ್ಟು ದಿನ ಕೂಡಿದರೆ ಸಾಕು. ಗೆರೆ ಗಾಢವಾದ ದಿನ ಮತ್ತು ಮರುದಿನ ತಪ್ಪಿಸಬೇಡಿ. ‘ಶಕ್ತಿ’ ಕೂಡಿಡಲೆಂದು ವಾರಗಟ್ಟಲೆ ದೂರವಿರುವುದು ಬೇಡ, ಅದರಿಂದ ವೀರ್ಯಾಣುಗಳ ಚಲನೆ ಕುಗ್ಗುತ್ತದೆಯೇ ಹೊರತು ಏಳಿಗೆಯಿಲ್ಲ. ಆಮೇಲೆ ಸೊಂಟದಡಿ ದಿಂಬಿಟ್ಟು ಅರ್ಧ ಗಂಟೆ ಕಾಲೆತ್ತಿ ಮಲಗುವ ಅಗತ್ಯವೂ ಇಲ್ಲ. ಸಾಮಾನ್ಯ ಲೂಬ್ರಿಕೆಂಟ್ ಜೆಲ್‌ಗಳಲ್ಲಿ ಹಲವು ವೀರ್ಯಾಣುಗಳಿಗೆ ಒಗ್ಗುವುದಿಲ್ಲ.

ಗಂಡ ಬೆಂಗಳೂರಿನಲ್ಲಿ, ಹೆಂಡತಿ ಹುಬ್ಬಳ್ಳಿಯಲ್ಲಿ, ಶುಕ್ರವಾರ ರಾತ್ರಿಯ ಬಸ್ಸೇ ಸಂಸಾರ ಎಂಬಂಥವರಿಗೆ ಈ ಲೆಕ್ಕ ಹೆಚ್ಚು ಬೇಕು. ಯಾವ ವಾರ ಎರಡು ದಿನ ಹೆಚ್ಚು ರಜೆ ಹಾಕಬೇಕೆಂದು ಕ್ಯಾಲೆಂಡರ್ ಮೊದಲೇ ಹೇಳುತ್ತದೆ. ಒಂದೇ ಮನೆಯಲ್ಲಿರುವವರು ಇಷ್ಟೆಲ್ಲ ಬೇಡವೆನಿಸಿದರೆ ತಿಂಗಳಿಡೀ ಎರಡು ಮೂರು ದಿನಕ್ಕೊಮ್ಮೆ ಸೇರುತ್ತಿದ್ದರೆ ಅದೂ ನಡೆಯುತ್ತದೆ. ಆ 6 ದಿನ ತಾನಾಗಿ ಒಳಗೆ ಬಂದಿರುತ್ತವೆ.

ಪ್ರಯತ್ನ ಶುರುಮಾಡುವ ತಿಂಗಳಿಗೂ ಮೊದಲೇ ಫೋಲಿಕ್ ಆ್ಯಸಿಡ್ ದಿನಕ್ಕೆ 400 ಮೈಕ್ರೊಗ್ರಾಂ ಶುರುವಾಗಿರಲಿ. ಮಗುವಿನ ಮಿದುಳು, ಬೆನ್ನುಹುರಿಯಾಗಿ ಬೆಳೆಯುವ ಕೊಳವೆ ಸರಿಯಾಗಿ ಮುಚ್ಚಿಕೊಳ್ಳಲು ಇದು ಬೇಕು. ಆ ಕೊಳವೆ ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಬಹಳ ಜನರಿಗೆ ವಿಷಯವೇ ತಿಳಿದಿರುವುದಿಲ್ಲ. ಸಕ್ಕರೆ ಕಾಯಿಲೆ, ಮೂರ್ಛೆರೋಗದ ಮಾತ್ರೆ ಇದ್ದವರಿಗೆ ಪ್ರಮಾಣ ಬೇರೆ, ವೈದ್ಯರನ್ನು ಕೇಳಿ.

ಯಾವಾಗ ಡಾಕ್ಟರ ಬಳಿ?

ಹೆಣ್ಣಿನ ವಯಸ್ಸು 35ರೊಳಗಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿ ಹೋಗಿ. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವವರು, ಮುಟ್ಟಿನಲ್ಲಿ ಎದ್ದೇಳಲಾಗದಷ್ಟು ನೋವಿರುವವರು, ಥೈರಾಯ್ಡ್ ಇರುವವರು, ಹಿಂದೆ ಹೊಟ್ಟೆಯೊಳಗೆ ಸೋಂಕಾದವರು ಅಷ್ಟೂ ಕಾಯಬೇಡಿ. ಹೋಗುವಾಗ ಕ್ಯಾಲೆಂಡರ್‌ನ ಹಾಳೆಗಳ ಫೋಟೊ ಜೊತೆಗಿರಲಿ.

ಗಂಡನೂ ಜೊತೆಗಿರಲಿ. ಹೆಣ್ಣಿಗೆ ನಾಲ್ಕು ಸ್ಕ್ಯಾನ್, ಹತ್ತು ರಕ್ತಪರೀಕ್ಷೆ, ಎರಡು ಹರಕೆ ಮುಗಿದ ಮೇಲೆ ‘ಅವರದ್ದೂ ಒಂದ್ಸಲ ನೋಡೋಣವಾ’ ಎನ್ನುವುದು ನಮ್ಮಲ್ಲಿ ಮಾಮೂಲು. ತೊಂದರೆಯಿರುವ ಜೋಡಿಗಳಲ್ಲಿ ಅರ್ಧದ ಹತ್ತಿರದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆ ಸೂಜಿಯಿಲ್ಲದ, ಅಗ್ಗದ ಪರೀಕ್ಷೆ. ಕೊಡುವ ಮುಂಚೆ 2ರಿಂದ 7 ದಿನ ಬಿಡುವು ಇರಬೇಕು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ ಸಿಗರೇಟು, ಗುಟ್ಕಾ ಇವತ್ತು ಬಿಟ್ಟರೆ ಫಲ ಕಾಣುವುದು ಮೂರು ತಿಂಗಳಿಗೆ.

ಇನ್ನು ಮುಟ್ಟು ತಪ್ಪಿತೆಂದುಕೊಳ್ಳಿ. ಅದೇ ದಿನವೋ ಒಂದೆರಡು ದಿನ ತಡೆದೋ, ಈ ಸಲ ಬೆಳಗಿನ ಮೊದಲ ಮೂತ್ರದಲ್ಲೇ ಪ್ರೆಗ್ನೆನ್ಸಿ ಕಿಟ್ ನೋಡಿ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯ ಬಳಿ ‘ನಿಶ್ಚಯ್’ ಕಿಟ್ ಕೇಳಬಹುದು. ಎರಡು ಗೆರೆ ಬಂದು, ತಾಯಿ ಕಾರ್ಡ್ ಬರೆಸಲು ಕೂತಾಗ ಆಕೆ ಕೇಳುವುದು ಕೂಡಿದ ದಿನವನ್ನೂ ಅಲ್ಲ, ಗೆರೆ ಗಾಢವಾದ ದಿನವನ್ನೂ ಅಲ್ಲ. ‘ಕೊನೇ ಸಲ ಮುಟ್ಟಾಗಿದ್ದು ಯಾವತ್ತಮ್ಮಾ?’ ಎಂದು. ಹೆರಿಗೆ ದಿನದ 280 ದಿನಗಳ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಉತ್ತರ ಅಡುಗೆಮನೆ ಗೋಡೆಯ ಮೇಲಿದೆ, ಹಾಲಿನ ಲೆಕ್ಕದ ಪಕ್ಕದಲ್ಲಿ, ಚುಕ್ಕಿಯಾಗಿ.